ಬೀಟಾ-ಸೈಕ್ಲೋಡೆಕ್ಸ್‌ಟ್ರಿನ್‌ಗೆ ಇಮಿಡಜೋಲ್ ಸೇರಿಸಿದರೆ ಕೃತಕ ಕಿಣ್ವ ಆಗುತ್ತದೆಯೇ? ಎಂಎಸ್ಸಿ ಪ್ರಾಜೆಕ್ಟ್ ಬಗ್ಗೆ ಸಲಹೆ ಬೇಕು

ಕುಶಾಲನಗರ ಎಂಎಸ್ಸಿ

ಎಲ್ಲರಿಗೂ ನಮಸ್ಕಾರ. ಕೊನೆಯ ಸೆಮಿಸ್ಟರ್ ಪ್ರಾಜೆಕ್ಟ್‌ಗೆ ಕೃತಕ ಕಿಣ್ವದ ವಿಷಯ ಆರಿಸಿಕೊಂಡಿದ್ದೇನೆ. ಯೋಚನೆ ಇಷ್ಟು: ಬೀಟಾ-ಸೈಕ್ಲೋಡೆಕ್ಸ್‌ಟ್ರಿನ್ ಅಂದರೆ ಏಳು ಗ್ಲೂಕೋಸ್‌ಗಳ ಉಂಗುರ, ನಡುವೆ ಕುಳಿ, ಒಂದು ಬಾಯಿ ಅಗಲ, ಇನ್ನೊಂದು ಕಿರಿದು. ಅದರ ಒಂದು 6-ಹೈಡ್ರಾಕ್ಸಿಲ್‌ಗೆ ಟೊಸಿಲ್ (ಸುಲಭವಾಗಿ ಬಿಟ್ಟುಹೋಗುವ ಗುಂಪು) ಹಾಕಿ, ಆಮೇಲೆ ಅದನ್ನು ತೆಗೆದು ಇಮಿಡಜೋಲ್ (ಹಿಸ್ಟಿಡೀನ್‌ನಲ್ಲಿರುವ ಉಂಗುರ) ಕೂರಿಸುವುದು. ಕುಳಿ ಸಬ್‌ಸ್ಟ್ರೇಟನ್ನು (ಒಡೆಯಬೇಕಾದ ಅಣುವನ್ನು) ಹಿಡಿಯುತ್ತದೆ, ಇಮಿಡಜೋಲ್ ಕೈಮೋಟ್ರಿಪ್ಸಿನ್ ಎಂಬ ಜೀರ್ಣಕಿಣ್ವದ ಹಿಸ್ಟಿಡೀನ್ ಥರ ಕೆಲಸ ಮಾಡುತ್ತದೆ. ಪ್ಯಾರಾ-ನೈಟ್ರೋಫಿನೈಲ್ ಅಸಿಟೇಟ್ ಎಂಬ ಎಸ್ಟರ್ ಹಾಕಿ, ಅದು ಒಡೆದಂತೆ 400 ನ್ಯಾನೋಮೀಟರ್‌ನಲ್ಲಿ ಹಳದಿ ಏರುವುದನ್ನು ಅಳೆಯುತ್ತೇನೆ. ಲ್ಯಾಬಿನಲ್ಲಿ ಬಣ್ಣ ಅಳೆಯುವ ಯುವಿ-ವಿಸಿಬಲ್, ದ್ರಾವಕ ಆವಿ ಮಾಡುವ ರೋಟರಿ, ಮಿಶ್ರಣವನ್ನು ಚುಕ್ಕೆಗಳಾಗಿ ಬಿಡಿಸುವ ಟಿಎಲ್‌ಸಿ ಇವೆ. ಅಣುರಚನೆ ನೋಡುವ ಎನ್‌ಎಂಆರ್‌ಗೆ ಮೈಸೂರಿಗೆ ಕಳಿಸಬೇಕು. ಸಿಂಥೆಸಿಸ್ ವಿಧಾನ, ಪ್ರಮಾಣ, ಮತ್ತು "ಇದು ನಿಜಕ್ಕೂ ಕಿಣ್ವದ ಹಾಗೆ ವರ್ತಿಸುತ್ತಿದೆ" ಎಂದು ತೋರಿಸಲು ಏನೇನು ಪ್ರಯೋಗ ಬೇಕು ಅಂತ ತಿಳಿಸಿ.

ಮಡಿಕೇರಿ ಮೇಷ್ಟ್ರು

ವಿಷಯ ಒಳ್ಳೆಯದೇ. ಆದರೆ ತರ್ಕದಲ್ಲಿ ಒಂದು ಕೊಂಡಿ ಬಿಟ್ಟುಹೋಗಿದೆ. ಕುಳಿ ಸಬ್‌ಸ್ಟ್ರೇಟನ್ನು ಹಿಡಿದ ಮಾತ್ರಕ್ಕೆ ವೇಗ ಹೆಚ್ಚುವುದಿಲ್ಲ. ಸಬ್‌ಸ್ಟ್ರೇಟನ್ನೂ ಸಂಕ್ರಮಣ ಸ್ಥಿತಿಯನ್ನೂ (ಬಂಧ ಅರ್ಧ ಒಡೆದ, ಶಕ್ತಿ ಅತಿ ಹೆಚ್ಚಿರುವ ಘಟ್ಟ) ಸಮನಾಗಿ ಹಿಡಿದರೆ ಲಾಭ ಸೊನ್ನೆ. ಸಬ್‌ಸ್ಟ್ರೇಟನ್ನೇ ಬಿಗಿಯಾಗಿ ಹಿಡಿದರೆ ಕ್ರಿಯೆ ಇನ್ನೂ ನಿಧಾನವಾಗುತ್ತದೆ. ಲೈನಸ್ ಪಾಲಿಂಗ್ 1940ರ ದಶಕದಲ್ಲೇ ಹೇಳಿದ್ದು ಇದನ್ನೇ: ಕಿಣ್ವದ ಆಕಾರ ಹೊಂದುವುದು ಸಂಕ್ರಮಣ ಸ್ಥಿತಿಗೆ.

ಇದಕ್ಕೆ ಒಳ್ಳೆಯ ಸಾಕ್ಷಿ ಮೈರನ್ ಬೆಂಡರ್ ಅವರ ಗುಂಪು 1967ರಲ್ಲಿ ಪ್ರಕಟಿಸಿದ ಅಂಕಿಗಳು. ಯಾವ ಬದಲಾವಣೆಯೂ ಇಲ್ಲದ ಆಲ್ಫಾ-ಸೈಕ್ಲೋಡೆಕ್ಸ್‌ಟ್ರಿನ್ (ಆರು ಗ್ಲೂಕೋಸ್‌ಗಳ ಉಂಗುರ), ಪಿಹೆಚ್ 10.6. ಮೆಟಾ-ಟರ್ಷಿಯರಿ-ಬ್ಯುಟೈಲ್‌ಫಿನೈಲ್ ಅಸಿಟೇಟ್ 260 ಪಟ್ಟು ವೇಗವಾಗಿ ಒಡೆಯುತ್ತದೆ. ಅದರ ಪ್ಯಾರಾ ಸೋದರ (ಗುಂಪು ಉಂಗುರದ ನೇರ ಎದುರು ತುದಿಯಲ್ಲಿರುವುದು; ಮೆಟಾದಲ್ಲಿ ಒಂದು ಜಾಗ ಈಚೆ) ಕೇವಲ 1.1 ಪಟ್ಟು. ಎರಡೂ ಕುಳಿಗೆ ಕೂರುತ್ತವೆ, ಹಿಡಿತದಲ್ಲಿ ಅಂಥ ದೊಡ್ಡ ಅಂತರವಿಲ್ಲ. ಮೆಟಾದಲ್ಲಿ ಎಸ್ಟರಿನ ಕಾರ್ಬೊನಿಲ್ ಅಗಲ ಬಾಯಿಯ ಸೆಕೆಂಡರಿ ಹೈಡ್ರಾಕ್ಸಿಲ್‌ಗಳ ಪಕ್ಕಕ್ಕೇ ಬರುತ್ತದೆ, ಪ್ಯಾರಾದಲ್ಲಿ ಕೈಗೆ ಸಿಗದಷ್ಟು ದೂರ ನಿಲ್ಲುತ್ತದೆ. ಇನ್ನೂರು ಪಟ್ಟಿಗೂ ಹೆಚ್ಚಿನ ವ್ಯತ್ಯಾಸ ಬಂದದ್ದು ಬರೀ ಜಾಗದಿಂದ.

ಹಾಗಾಗಿ ವರದಿಯಲ್ಲಿ ಬಂಧನ ಸ್ಥಿರಾಂಕ ಒಂದನ್ನೇ ಬರೆದು ನಿಲ್ಲಿಸಬೇಡಿ. ಸಂಕ್ರಮಣ ಸ್ಥಿತಿಯ ಬಂಧನವನ್ನೂ ಲೆಕ್ಕ ಹಾಕಿ. ವಿಯೋಜನ ಸ್ಥಿರಾಂಕವನ್ನು (ಬಂಧನ ಸ್ಥಿರಾಂಕದ ವಿಲೋಮ, ಕಡಿಮೆ ಇದ್ದಷ್ಟೂ ಹಿಡಿತ ಬಿಗಿ) ವೇಗ ಹೆಚ್ಚಳದ ಅನುಪಾತದಿಂದ ಭಾಗಿಸಿದರೆ ಆಯಿತು. ಸಬ್‌ಸ್ಟ್ರೇಟ್‌ಗೆ 6 ಮಿಲಿಮೋಲಾರ್ ಇದ್ದು ವೇಗ 9 ಪಟ್ಟು ಏರಿದರೆ ಸಂಕ್ರಮಣ ಸ್ಥಿತಿಗೆ 0.67 ಮಿಲಿಮೋಲಾರ್. ಕೆಂಡಲ್ ಹೌಕ್ ಮತ್ತು ಸಂಗಡಿಗರು 2003ರಲ್ಲಿ ಒಟ್ಟುಗೂಡಿಸಿದ ಹೋಲಿಕೆಯಲ್ಲಿ ಸೈಕ್ಲೋಡೆಕ್ಸ್‌ಟ್ರಿನ್‌ಗಳ ಸರಾಸರಿ ಬಂಧನ ಸ್ಥಿರಾಂಕ 10ರ ಘಾತ 2.5ರ ಸುತ್ತ, ಕಿಣ್ವಗಳು ಸಂಕ್ರಮಣ ಸ್ಥಿತಿಯನ್ನು ಹಿಡಿಯುವುದು 10ರ ಘಾತ 16ರ ಸುತ್ತ. ನಾವು ಎಲ್ಲಿದ್ದೇವೆ ಅನ್ನುವುದಕ್ಕೆ ಆ ಎರಡು ಸಂಖ್ಯೆ ಸಾಕು.

ವಿರಾಜಪೇಟೆ ಸಿಂಥೆಸಿಸ್

ತತ್ವ ಮೇಷ್ಟ್ರು ಹೇಳಿದ್ದಾರೆ, ನಾನು ಫ್ಲಾಸ್ಕಿನ ವಿಷಯಕ್ಕೆ ಬರುತ್ತೇನೆ. ಮೊನೊ-6-ಟೊಸಿಲ್‌ಗೆ (ಒಂದೇ ಟೊಸಿಲ್ ಇರುವ ಅಣುವಿಗೆ) ಹಲವು ದಾರಿಗಳಿವೆ. ಕಾಲೇಜು ಲ್ಯಾಬಿಗೆ ನೀರಿನಲ್ಲಿ ಮಾಡುವುದೇ ವಾಸಿ, ಪಿರಿಡೀನ್ ದ್ರಾವಕದ ತಂಟೆ ಇರುವುದಿಲ್ಲ.

ಬೀಟಾ-ಸೈಕ್ಲೋಡೆಕ್ಸ್‌ಟ್ರಿನ್ 6.0 ಗ್ರಾಂ, ನೀರು 50 ಮಿಲಿ. ಕದಡಿದ ಹಾಗೇ ಇರುತ್ತದೆ, ಪೂರ್ತಿ ಕರಗುವುದಿಲ್ಲ. 0.66 ಗ್ರಾಂ ಸೋಡಿಯಂ ಹೈಡ್ರಾಕ್ಸೈಡನ್ನು 2 ಮಿಲಿ ನೀರಿನಲ್ಲಿ ಕರಗಿಸಿ ಹನಿಹನಿಯಾಗಿ ಬಿಡಿ. ದ್ರಾವಣ ತಿಳಿಯಾಗಿ ನಸು ಹಳದಿಗೆ ತಿರುಗುತ್ತದೆ. ಆಮೇಲೆ ಟೊಸಿಲ್ ಕ್ಲೋರೈಡ್ 1.0 ಗ್ರಾಂ, 3 ಮಿಲಿ ಅಸಿಟೊನೈಟ್ರೈಲ್‌ನಲ್ಲಿ, ಎಂಟು ಹತ್ತು ನಿಮಿಷದಲ್ಲಿ ಹನಿಸಿ. ಕೂಡಲೇ ಬಿಳಿ ಒತ್ತರ (ಕರಗದೆ ಬೇರ್ಪಟ್ಟ ಪುಡಿ) ಕಾಣುತ್ತದೆ. 23 ಡಿಗ್ರಿ ಆಸುಪಾಸಿನಲ್ಲಿ ಎರಡು ಗಂಟೆ ಕಲಕಿ, ಆ ಒತ್ತರವನ್ನು ಸೋಸಿ ಬಿಟ್ಟುಬಿಡಿ. ನಿಮಗೆ ಬೇಕಾದ್ದು ಸೋಸಿದ ನೀರಿನಲ್ಲಿದೆ. ಅದನ್ನು ರಾತ್ರಿಯಿಡೀ 4 ಡಿಗ್ರಿಯಲ್ಲಿಟ್ಟರೆ ಬಿಳಿ ಪುಡಿ ಕೂರುತ್ತದೆ. ಸೋಸಿ, ತಣ್ಣೀರಿನಿಂದ ಸ್ವಲ್ಪವೇ ತೊಳೆದು, ಬಿಸಿನೀರಿನಿಂದ ಮರುಸ್ಫಟಿಕ ಮಾಡಿ. ಇಳುವರಿ ನೂರಕ್ಕೆ ಹತ್ತು ಹನ್ನೆರಡು, ಅಂದರೆ ಸುಮಾರು 0.75 ಗ್ರಾಂ. ಕಡಿಮೆ ಅಂತ ಬೇಸರ ಬೇಡ, ಆ ಕ್ರಮದ ಸ್ವಭಾವವೇ ಅಷ್ಟು. ಸೋಸಿದ ನೀರನ್ನು ತಂಪಿಗಿಡುವ ಮೊದಲು ಅಮೋನಿಯಂ ಕ್ಲೋರೈಡ್ ಹಾಕಿ ಪಿಹೆಚ್ 8ಕ್ಕೆ ಇಳಿಸಿದರೆ ಸ್ವಲ್ಪ ಹೆಚ್ಚು ಕೂರುತ್ತದೆ.

ಎಲ್ಲಿ ಕೆಡುತ್ತದೆ:

ತಂಪಿಗಿಡದೆ ರಾತ್ರಿಯಿಡೀ ಕ್ಷಾರದಲ್ಲಿ ಬಿಟ್ಟರೆ ಟೊಸಿಲ್ ತಾನೇ ಬಿದ್ದುಹೋಗಿ 3,6-ಆನ್‌ಹೈಡ್ರೊ (3, 6ನೇ ಜಾಗಗಳು ಆಮ್ಲಜನಕದಿಂದ ಸೇರಿಕೊಂಡ ರೂಪ) ಆಗುತ್ತದೆ. ಎರಡು ಗಂಟೆ ಅಂದರೆ ಎರಡೇ ಗಂಟೆ. ಟೊಸಿಲ್ ಕ್ಲೋರೈಡ್ ಜಾಸ್ತಿ ಸುರಿದರೆ ಡೈಟೊಸಿಲ್ (ಎರಡು ಟೊಸಿಲ್ ಇರುವುದು) ಬರುತ್ತದೆ, ಅದರ ಮೂರು ಸ್ಥಾನ-ಐಸೋಮರ್‌ಗಳು ಬೇರ್ಪಡಿಸಲು ಸಿಗುವುದಿಲ್ಲ. ಟಿಎಲ್‌ಸಿಗೆ ಬ್ಯುಟನಾಲ್, ಎಥನಾಲ್, ನೀರು 5:4:3, ಅನಿಸಾಲ್ಡಿಹೈಡ್ ಸಿಂಪಡಿಸಿ ಬಿಸಿ ಮಾಡಿ. ಟೊಸಿಲ್ ಹೆಚ್ಚಾದಷ್ಟೂ ಚುಕ್ಕೆ ಮೇಲೆ ಹೋಗುತ್ತದೆ.

ಎನ್‌ಎಂಆರ್ ಡಿಎಂಎಸ್‌ಒ-ಡಿ6ರಲ್ಲಿ ತೆಗೆಸಿ. 7.4 ಮತ್ತು 7.75ರ ಆರೊಮ್ಯಾಟಿಕ್ ಸಿಗ್ನಲ್‌ಗಳು ಒಟ್ಟು 4 ಹೈಡ್ರೋಜನ್, 4.8ರ ಸುತ್ತಲಿನ ಎಚ್-1 ಸಿಗ್ನಲ್ 7 ಹೈಡ್ರೋಜನ್. ಈ 4:7 ಅನುಪಾತ ಬಂದರೆ ಮೊನೊ. ಆರೊಮ್ಯಾಟಿಕ್ ಹೆಚ್ಚಿದ್ದರೆ ಡೈ ಬೆರೆತಿದೆ, ಕಡಿಮೆ ಇದ್ದರೆ ಮೂಲ ಸಕ್ಕರೆ ಉಳಿದಿದೆ. ಎರಡೂ ಒಟ್ಟಿಗೆ ಬೆರೆತು ಸರಾಸರಿ 4:7 ತೋರಿಸುವುದೂ ಉಂಟು. ಅದಕ್ಕೇ ಟಿಎಲ್‌ಸಿ ಬಿಡಬೇಡಿ ಅನ್ನುವುದು.

ಮುಂದಿನ ಹಂತ: ಮೊನೊಟೊಸಿಲ್ 0.645 ಗ್ರಾಂ (ಅರ್ಧ ಮಿಲಿಮೋಲ್), ಇಮಿಡಜೋಲ್ 0.34 ಗ್ರಾಂ (ಹತ್ತು ಪಟ್ಟು), ಒಣ ಡಿಎಂಎಫ್ ದ್ರಾವಕ 5 ಮಿಲಿ, 80 ಡಿಗ್ರಿ, ರಾತ್ರಿಯಿಡೀ, ಟಿಎಲ್‌ಸಿ ನೋಡಿಕೊಂಡು. ತಣಿದ ಮೇಲೆ 100 ಮಿಲಿ ಅಸಿಟೋನಿಗೆ ಸುರಿದರೆ ಪುಡಿ ಬೀಳುತ್ತದೆ. ಕನಿಷ್ಠ ನೀರಿನಲ್ಲಿ ಕರಗಿಸಿ ಮತ್ತೆ ಅಸಿಟೋನಿಗೆ ಸುರಿಯಿರಿ. ಇದನ್ನು ಮೂರು ಸಲವಾದರೂ ಮಾಡಿ. ಡಿಎಂಎಫ್ ಕೆಲಸ ಫ್ಯೂಮ್ ಹುಡ್‌ನಲ್ಲಿಯೇ.

ಕುಶಾಲನಗರ ಎಂಎಸ್ಸಿ

ಥ್ಯಾಂಕ್ಸ್ ಮೇಡಂ. ಲ್ಯಾಬಿನ ಟೊಸಿಲ್ ಕ್ಲೋರೈಡ್ ಬಾಟಲಿ ಹಳೆಯದು, ಮುಚ್ಚಳದ ಹತ್ತಿರ ಗಟ್ಟಿ ಕಟ್ಟಿದೆ. ಬಳಸಬಹುದಾ? ಸೈಕ್ಲೋಡೆಕ್ಸ್‌ಟ್ರಿನ್ ಒಣಗಿಸಲೇಬೇಕಾ?

ವಿರಾಜಪೇಟೆ ಸಿಂಥೆಸಿಸ್

ಮಳೆಗಾಲದಲ್ಲಿ ಕೊಡಗಿನ ಗಾಳಿಗೆ ತೆರೆದ ಟೊಸಿಲ್ ಕ್ಲೋರೈಡ್ ಬಾಟಲಿಯ ಗತಿ ಅದೇ, ಅರ್ಧ ಟೊಸಿಕ್ ಆಮ್ಲ ಆಗಿರುತ್ತದೆ. ಒಂದು ಚಿಟಿಕೆ ಕ್ಲೋರೊಫಾರ್ಮ್‌ಗೆ ಹಾಕಿ: ಕರಗದೆ ಉಳಿದದ್ದು ಆಮ್ಲ. ಕ್ಲೋರೊಫಾರ್ಮ್‌ನಲ್ಲಿ ಕರಗಿಸಿ, ಸೋಸಿ, ಪೆಟ್ರೋಲಿಯಂ ಈಥರ್ ಹಾಕಿ ಉಳಿದ ಕೊಳೆ ಕೂರಿಸಿ, ಮತ್ತೆ ಸೋಸಿ, ಆವಿ ಮಾಡಿದರೆ ಶುದ್ಧ ಹರಳು ಸಿಗುತ್ತದೆ. ಕರಗುವ ಬಿಂದು 67ರಿಂದ 69 ಡಿಗ್ರಿ ಬಂದರೆ ಬಳಸಿ.

ಸೈಕ್ಲೋಡೆಕ್ಸ್‌ಟ್ರಿನ್ ನೀರಿನ ಕ್ರಿಯೆಗೆ ಒಣಗಬೇಕಿಲ್ಲ, ಆದರೆ ತೂಕದ ಲೆಕ್ಕಕ್ಕೆ ಬೇಕು. ಅಣುತೂಕ 1135. ಹನ್ನೊಂದು ನೀರು ಹಿಡಿದಿದ್ದರೆ ತೂಕದಲ್ಲಿ ನೂರಕ್ಕೆ 15 ನೀರೇ. ಆ ತಪ್ಪು ನೇರವಾಗಿ ನಿಮ್ಮ ಬಂಧನ ಸ್ಥಿರಾಂಕಕ್ಕೆ ಇಳಿಯುತ್ತದೆ. 105 ಡಿಗ್ರಿ ಓವನ್‌ನಲ್ಲಿ ತೂಕ ನಿಲ್ಲುವ ತನಕ ಒಣಗಿಸಿ, ಡೆಸಿಕೇಟರ್‌ನ ಸಿಲಿಕಾ ಜೆಲ್ ಗುಲಾಬಿಗೆ ತಿರುಗಿದ್ದರೆ ಮೊದಲು ಅದನ್ನು ಬದಲಿಸಿ.

ಸೋಮವಾರಪೇಟೆ ಕೈನೆಟಿಕ್ಸ್

ಇಂಥ ಪ್ರಾಜೆಕ್ಟ್ ಬಹುಪಾಲು ಕೆಡುವುದು ಸಿಂಥೆಸಿಸ್‌ನಲ್ಲಲ್ಲ, ಅಳತೆಯಲ್ಲಿ.

ಮೊದಲು ಹಿನ್ನೆಲೆ ವೇಗ. ಪ್ಯಾರಾ-ನೈಟ್ರೋಫಿನೈಲ್ ಅಸಿಟೇಟ್ ಮೇಲೆ ಹೈಡ್ರಾಕ್ಸೈಡ್‌ನ ಎರಡನೇ ದರ್ಜೆಯ ಸ್ಥಿರಾಂಕ 25 ಡಿಗ್ರಿಯಲ್ಲಿ ಸುಮಾರು 10 (ಮೋಲಾರ್‌ಗೆ, ಸೆಕೆಂಡಿಗೆ). ಪಿಹೆಚ್ 8ರಲ್ಲಿ ಅದು ಸೆಕೆಂಡಿಗೆ 0.00001, ಅರ್ಧಾಯುಷ್ಯ 19 ಗಂಟೆ. 0.1 ಮಿಲಿಮೋಲಾರ್ ಸಬ್‌ಸ್ಟ್ರೇಟ್ ಇಟ್ಟರೆ ಬೆಳಕಿನ ಹೀರಿಕೆ ನಿಮಿಷಕ್ಕೆ 0.001 ಕೂಡ ಏರುವುದಿಲ್ಲ. ದೀಪ ಬಿಸಿಯಾಗದ ಯಂತ್ರದ ಅಲುಗಾಟವೇ ಅದಕ್ಕಿಂತ ಹೆಚ್ಚು.

ಈಗ ಇಮಿಡಜೋಲ್. ಬಿಡಿ ಇಮಿಡಜೋಲ್ ಈ ಎಸ್ಟರನ್ನು ಸುಮಾರು 0.5 ಸ್ಥಿರಾಂಕದಲ್ಲಿ ಒಡೆಯುತ್ತದೆ. ನಿಮ್ಮ ಆತಿಥೇಯ ಅಣು (ಇಮಿಡಜೋಲ್ ಕೂರಿಸಿದ ಸೈಕ್ಲೋಡೆಕ್ಸ್‌ಟ್ರಿನ್) 1 ಮಿಲಿಮೋಲಾರ್ ಇದ್ದು ಅದರಲ್ಲಿ ನೂರಕ್ಕೆ ಐದು ಭಾಗ ತೊಳೆಯದ ಇಮಿಡಜೋಲ್ ಉಳಿದಿದ್ದರೆ, ಆ ಕೊಳೆ ಒಂದೇ ಸೆಕೆಂಡಿಗೆ 0.000025 ಕೊಡುತ್ತದೆ. ಹಿನ್ನೆಲೆಯ ಎರಡೂವರೆ ಪಟ್ಟು, ಕುಳಿಗೆ ಸಂಬಂಧವೇ ಇಲ್ಲ! ಮೇಡಂ ಮೂರು ಸಲ ಅಸಿಟೋನಿಗೆ ಸುರಿಯಿರಿ ಅಂದದ್ದು ಇದಕ್ಕೇ. ಭಾರಜಲದಲ್ಲಿ ಎನ್‌ಎಂಆರ್ ತೆಗೆಸಿ ಬಿಡಿ ಇಮಿಡಜೋಲ್‌ನ ಸಿಗ್ನಲ್ ಉಳಿದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ.

ಹೋಲಿಕೆ ಪ್ರಯೋಗ ಖಾಲಿ ಬಫರ್ ಅಲ್ಲ. ಅದೇ ಸಾಂದ್ರತೆಯ ಸಾದಾ ಬೀಟಾ-ಸೈಕ್ಲೋಡೆಕ್ಸ್‌ಟ್ರಿನ್ ಜೊತೆಗೆ ಅದೇ ಸಾಂದ್ರತೆಯ ಎನ್-ಮೀಥೈಲ್ ಇಮಿಡಜೋಲ್, ಒಂದೇ ಕ್ಯುವೆಟ್‌ನಲ್ಲಿ. ಎರಡನ್ನೂ ಕಟ್ಟಿಹಾಕಿದ ಅಣು ಈ ಬಿಡಿ ಜೋಡಿಯನ್ನು ಮೀರಿಸಿದರೆ ಮಾತ್ರ ನಿಮ್ಮ ವಿನ್ಯಾಸಕ್ಕೆ ಅರ್ಥ.

ಬಫರ್‌ಗಳಲ್ಲಿ ಟ್ರಿಸ್ ಬೇಡ, ಪ್ರೈಮರಿ ಅಮೈನ್, ಎಸ್ಟರ್ ಮೇಲೆ ತಾನೇ ಬೀಳುತ್ತದೆ. ಪಿಹೆಚ್ 9 ದಾಟಿದರೆ ಎಲ್ಲರೂ ಕಣ್ಣುಮುಚ್ಚಿ ಹಾಕುವ ಚೆಸ್ ಬಫರ್ ಇನ್ನೂ ಕೆಟ್ಟದ್ದು: ಅದರ ಸೈಕ್ಲೋಹೆಕ್ಸೈಲ್ ಗುಂಪು ನೇರ ಬೀಟಾ ಕುಳಿಗೇ ಹೋಗಿ ಕೂರುತ್ತದೆ. 8ಕ್ಕೆ ಹೆಪಿಸ್, 9.5ಕ್ಕೆ ಆಗತಾನೇ ಮಾಡಿದ ಕಾರ್ಬೊನೇಟ್. ಬಫರ್ 20, 50, 100 ಮಿಲಿಮೋಲಾರ್‌ನಲ್ಲಿ ಅಳೆದು ರೇಖೆಯನ್ನು ಸೊನ್ನೆ ಬಫರ್‌ಗೆ ಎಳೆಯಿರಿ, ಉಪ್ಪು ಹಾಕಿ ಅಯಾನಿಕ್ ಬಲ ಸಮ ಇಡಿ.

ಉಷ್ಣತೆ ಇನ್ನೊಂದು. ಆಷಾಢದಲ್ಲಿ ನಮ್ಮ ಕಡೆ ಕೋಣೆಯೊಳಗೇ 18-19 ಡಿಗ್ರಿ ಇರುತ್ತದೆ. "ಕೋಣೆ ಉಷ್ಣತೆ" ಅಂತ ಬರೆದು ಪುಸ್ತಕದ 25 ಡಿಗ್ರಿಯ ಅಂಕಿಗೆ ಹೋಲಿಸಬಾರದು. ಕ್ಯುವೆಟ್ ಹೋಲ್ಡರ್‌ಗೆ ನೀರು ಹರಿಯುವ ಥರ್ಮೊಸ್ಟಾಟ್ ಬೇಕು. ಪಿಹೆಚ್ ಮೀಟರನ್ನೂ ಅದೇ ಉಷ್ಣತೆಯಲ್ಲಿ ಹೊಂದಿಸಿ. ಕರೆಂಟ್ ಹೋಗಿ ಬಂದರೆ ದೀಪ ಸ್ಥಿರವಾಗಲು ಅರ್ಧ ಗಂಟೆ ಕೊಟ್ಟು, ಆ ಓಟವನ್ನು ಪೂರ್ತಿ ಮೊದಲಿನಿಂದ ಮಾಡಿ.

ಬಣ್ಣದ ಲೆಕ್ಕ: ಎಸ್ಟರ್ ಒಡೆದು ಬರುವ ನೈಟ್ರೋಫಿನಾಲ್‌ನ ಪಿಕೆಎ (ಅರ್ಧ ಅಣುಗಳು ಪ್ರೋಟಾನ್ ಬಿಡುವ ಪಿಹೆಚ್) 7.15. ಪಿಹೆಚ್ 8ರಲ್ಲಿ ನೂರಕ್ಕೆ 88 ಮಾತ್ರ ಹಳದಿ ಅಯಾನು. ಅದರ 18,000 ಹೀರಿಕೆ ಗುಣಾಂಕವನ್ನು ಹಾಗೇ ಬಳಸದೆ 16,000ದ ಹತ್ತಿರ ತಗೊಳ್ಳಿ. ಸೈಕ್ಲೋಡೆಕ್ಸ್‌ಟ್ರಿನ್ ಈ ಅಯಾನನ್ನೂ ಹಿಡಿದು ಶಿಖರವನ್ನು ಸರಿಸುತ್ತದೆ, ಆದ್ದರಿಂದ ಪ್ರತಿ ಆತಿಥೇಯ ಸಾಂದ್ರತೆಯಲ್ಲೂ ಗುಣಾಂಕವನ್ನು ನೀವೇ ಅಳೆಯಿರಿ.

ಮಡಿಕೇರಿ ಮೇಷ್ಟ್ರು

ಚೆಸ್ ವಿಷಯ ಸರಿಯಾಗಿ ಹೇಳಿದಿರಿ, ಪ್ರಕಟವಾದ ಲೇಖನಗಳಲ್ಲೂ ಆ ಎಡವಟ್ಟು ನುಸುಳಬಹುದಾದ ಜಾಗ ಅದು. ಇನ್ನೊಂದು ಪರೀಕ್ಷೆ ಸೇರಿಸಿ: 1-ಅಡಮಾಂಟೇನ್ ಕಾರ್ಬಾಕ್ಸಿಲೇಟ್, ಕುಳಿಯನ್ನು ತಾನೇ ತುಂಬಿಕೊಳ್ಳುವ ಅಣು. ಬೀಟಾ ಕುಳಿಗೆ ಅದರ ಬಂಧನ ಸ್ಥಿರಾಂಕ ಹತ್ತು ಸಾವಿರದ ಮೇಲೆ. ಆತಿಥೇಯಕ್ಕಿಂತ ಸ್ವಲ್ಪ ಹೆಚ್ಚು ಹಾಕಿದಾಗ ವೇಗ ಇಳಿಯಬೇಕು. ಇಳಿಯದಿದ್ದರೆ ಕ್ರಿಯೆ ನಡೆಯುತ್ತಿರುವುದು ಕುಳಿಯ ಹೊರಗೆ.

ಸಿದ್ದಾಪುರ ರೋಬಸ್ಟಾ

ನೈಟ್ರೋಫಿನೈಲ್ ಎಸ್ಟರ್ ಮೊದಲೇ ಒಡೆಯಲು ತಯಾರಾಗಿ ನಿಂತ ಅಣು. ನಮ್ಮ ತೋಟದ ಕಾಫಿಯಲ್ಲೇ ನಿಜವಾದ ಎಸ್ಟರ್ ಇದೆಯಲ್ಲ, ಕ್ಲೋರೋಜೆನಿಕ್ ಆಮ್ಲ: ಕೆಫೀಕ್ ಮತ್ತು ಕ್ವಿನಿಕ್ ಆಮ್ಲಗಳ ಎಸ್ಟರ್. ಹಸಿ ರೋಬಸ್ಟಾ ಬೀಜದ ಒಣ ತೂಕದಲ್ಲಿ ನೂರಕ್ಕೆ 7ರಿಂದ 10 ಭಾಗ ಈ ಗುಂಪೇ. ಬೀಟಾ-ಸೈಕ್ಲೋಡೆಕ್ಸ್‌ಟ್ರಿನ್ ಅದನ್ನು ಹಿಡಿಯುತ್ತದೆ ಎಂಬುದೂ ಗೊತ್ತಿರುವುದೇ. ಅದನ್ನೇ ಸಬ್‌ಸ್ಟ್ರೇಟ್ ಮಾಡಿದರೆ ಕೊಡಗಿಗೂ ಸಂಬಂಧ ಬರುತ್ತದೆ.

ಸೋಮವಾರಪೇಟೆ ಕೈನೆಟಿಕ್ಸ್

ಮೊದಲ ಮಾತು ಒಪ್ಪಿದೆ. ಫ್ರೆಡ್ ಮೆಂಗರ್ ಮತ್ತು ಲಾಡಿಕಾ 1987ರಲ್ಲಿ ಇದನ್ನು "ಪ್ಯಾರಾ-ನೈಟ್ರೋಫಿನೈಲ್ ಎಸ್ಟರ್ ಸಿಂಡ್ರೋಮ್" ಎಂದೇ ಕರೆದರು. ಚುರುಕಾದ ಎಸ್ಟರ್ ಮೇಲೆ ಸಿಕ್ಕ ದೊಡ್ಡ ಸಂಖ್ಯೆ ಸಾಮಾನ್ಯ ಎಸ್ಟರ್, ಅಮೈಡ್‌ಗಳಿಗೆ ಬಂದಾಗ ಕರಗಿಹೋಗುತ್ತದೆ.

ಆದರೆ ಕ್ಲೋರೋಜೆನಿಕ್ ಆಮ್ಲ ಈ ಪ್ರಾಜೆಕ್ಟ್‌ಗೆ ಸರಿಯಲ್ಲ. ಕ್ಷಾರ ತಾಗಿದರೆ ಕೆಟಿಕಾಲ್ ಉಂಗುರ ಗಾಳಿಯ ಆಮ್ಲಜನಕಕ್ಕೆ ಉತ್ಕರ್ಷಿಸಿ ಕಂದು ಹಸಿರು ಬಣ್ಣಕ್ಕೆ ತಿರುಗುತ್ತದೆ, ಯುವಿ ಅಳತೆ ಅಲ್ಲಿಗೆ ಮುಗಿಯಿತು. ಜೊತೆಗೆ ಕೆಫಿಯೋಯಿಲ್ ಗುಂಪು ಕ್ವಿನಿಕ್ ಆಮ್ಲದ 5ನೇ ಜಾಗದಿಂದ 4ಕ್ಕೆ, 3ಕ್ಕೆ ಸರಿಯುತ್ತದೆ. ಮಿಶ್ರಣವನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿಯಲ್ಲಿ ಮೂಲ ಶಿಖರ ಕುಗ್ಗುವುದನ್ನು ನೋಡಿ ಜಲವಿಭಜನೆ ಅಂದುಕೊಂಡರೆ ಮೋಸ, ಅದು ಬರೀ ಸ್ಥಳಾಂತರ. ನೈಟ್ರೋಜನ್ ಹಾಯಿಸಿ, 325 ನ್ಯಾನೋಮೀಟರ್‌ನಲ್ಲಿ ಕೆಫೀಕ್ ಆಮ್ಲದ ಶಿಖರ ಏರುವುದನ್ನು ಮಾತ್ರ ಎಣಿಸಬೇಕು. ಒಂದು ಸೆಮಿಸ್ಟರ್‌ನ ಕೆಲಸ ಅಲ್ಲ. ಚುರುಕಿಲ್ಲದ ಸಬ್‌ಸ್ಟ್ರೇಟ್ ಬೇಕಿದ್ದರೆ ಸಾದಾ ಫಿನೈಲ್ ಅಸಿಟೇಟ್ ಸಾಕು, ಫಿನಾಲನ್ನು 270ರ ಸುತ್ತ ನೋಡಬಹುದು.

ಸಿದ್ದಾಪುರ ರೋಬಸ್ಟಾ

ಗುಂಪು ಸರಿಯುವುದು ಲೆಕ್ಕಕ್ಕೆ ಬಂದಿರಲಿಲ್ಲ, ಸರಿ. ಆದರೂ ಒಂದು ಪ್ರಶ್ನೆ. ಇಮಿಡಜೋಲ್ ಇಲ್ಲದೆಯೂ ಸೆಕೆಂಡರಿ ಹೈಡ್ರಾಕ್ಸಿಲ್ ತಾನೇ ಎಸ್ಟರನ್ನು ಒಡೆಯುತ್ತದಲ್ಲ. ಹಾಗಿದ್ದರೆ ಸಾದಾ ಸೈಕ್ಲೋಡೆಕ್ಸ್‌ಟ್ರಿನ್ ಕೃತಕ ಕಿಣ್ವ ಏಕಲ್ಲ?

ಮಡಿಕೇರಿ ಮೇಷ್ಟ್ರು

ಒಡೆಯುತ್ತದೆ, ಆದರೆ ಅಸಿಟೈಲ್ ಗುಂಪು ಸೈಕ್ಲೋಡೆಕ್ಸ್‌ಟ್ರಿನ್ ಮೇಲೇ ಕೂತುಬಿಡುತ್ತದೆ. ಅದು ಕಳಚುವುದು ಬಹಳ ನಿಧಾನ. ಅಂದರೆ ಒಂದು ಅಣು ಒಂದೇ ಸಲ ದುಡಿಯುತ್ತದೆ, ಅದು ವೇಗವರ್ಧಕ ಅಲ್ಲ, ರಿಯೇಜೆಂಟ್. ರೊನಾಲ್ಡ್ ಬ್ರೆಸ್ಲೊ ಅವರ ಫೆರೋಸೀನ್ ಎಸ್ಟರ್‌ಗಳು ಬೀಟಾ-ಸೈಕ್ಲೋಡೆಕ್ಸ್‌ಟ್ರಿನ್‌ಗೆ ಅಸೈಲ್ (ಅಸಿಟೈಲ್‌ನಂಥ ಗುಂಪು) ಕೊಡುವ ಹಂತದಲ್ಲಿ ಲಕ್ಷಗಟ್ಟಲೆ ಪಟ್ಟು ವೇಗ ತೋರಿಸಿದವು. ಆದರೆ ಅದೂ ಆ ಮೊದಲ ಹಂತದ ಲೆಕ್ಕವೇ.

ಅದೇ ಬ್ರೆಸ್ಲೊ ಗುಂಪಿನ ರೈಬೊನ್ಯೂಕ್ಲಿಯೇಸ್ (ಆರ್‌ಎನ್‌ಎ ಕತ್ತರಿಸುವ ಕಿಣ್ವ) ಮಾದರಿ ನೋಡಿ. ಬೀಟಾ-ಸೈಕ್ಲೋಡೆಕ್ಸ್‌ಟ್ರಿನ್‌ನ ಕಿರಿದಾದ ಬಾಯಿಯಲ್ಲಿ ಎರಡು ಇಮಿಡಜೋಲ್, ಸಬ್‌ಸ್ಟ್ರೇಟ್ 4-ಟರ್ಷಿಯರಿ-ಬ್ಯುಟೈಲ್ ಕೆಟಿಕಾಲ್‌ನ ಸೈಕ್ಲಿಕ್ ಫಾಸ್ಫೇಟ್. ಒಂದು ಇಮಿಡಜೋಲ್ ಬೇಸ್ ಆಗಿ, ಇನ್ನೊಂದು ಪ್ರೋಟಾನ್ ಹೊತ್ತು ಆಮ್ಲವಾಗಿ ಕೆಲಸ ಮಾಡುತ್ತದೆ. ಅದಕ್ಕೇ ಪಿಹೆಚ್ ವಿರುದ್ಧ ವೇಗದ ರೇಖೆ ಗಂಟೆಯಾಕಾರ. ಎರಡೂ ಪಕ್ಕಪಕ್ಕದ ಗ್ಲೂಕೋಸ್‌ಗಳ ಮೇಲಿರುವ ಐಸೋಮರೇ ಹೆಚ್ಚು ಚುರುಕು. ನಿಮ್ಮದು ಒಂದೇ ಇಮಿಡಜೋಲ್, ಅಲ್ಲಿ ಈ ಜೋಡಿ ಕೆಲಸ ನಿರೀಕ್ಷಿಸಬೇಡಿ. ಜೊತೆಗೆ ಅದು 6ನೇ ಜಾಗದಲ್ಲಿ, ಅಂದರೆ ಕಿರಿದಾದ ಬಾಯಿಯಲ್ಲಿದೆ. ಅಸಿಟೇಟ್‌ನ ಕಾರ್ಬೊನಿಲ್ ಅಗಲ ಬಾಯಿಯ ಕಡೆ ನಿಂತರೆ ಇಮಿಡಜೋಲ್ ಆ ತುದಿಯಲ್ಲಿ ಸುಮ್ಮನೆ ಕೂತಿರುತ್ತದೆ.

ವಿರಾಜಪೇಟೆ ಸಿಂಥೆಸಿಸ್

ಹಾಗಂತ ಅಗಲ ಬಾಯಿಗೆ ಇಮಿಡಜೋಲ್ ಹಾಕಿಬಿಡೋಣ ಅಂದರೆ ಅಷ್ಟು ಸುಲಭ ಅಲ್ಲ. ಅಲ್ಲಿನ 2ನೇ ಹೈಡ್ರಾಕ್ಸಿಲ್‌ಗೆ ಟೊಸಿಲ್ ಹಾಕಲು ಉಯೆನೊ ಮತ್ತು ಬ್ರೆಸ್ಲೊ 1982ರಲ್ಲಿ ಮೆಟಾ-ನೈಟ್ರೋಫಿನೈಲ್ ಟೊಸಿಲೇಟ್ ಬಳಸಿದರು. ಕುಳಿಯೇ ಅದನ್ನು ಹಿಡಿದು ಟೊಸಿಲನ್ನು ಸರಿಯಾದ ಜಾಗಕ್ಕೆ ತಲುಪಿಸುತ್ತದೆ, ಅದೇ ಚೆಂದ. ಆದರೆ ಮುಂದೆ ನೇರ ಬದಲಿ ನಡೆಯದೆ 2,3-ಎಪಾಕ್ಸೈಡ್ ಮೂಲಕ ಹೋದರೆ ನ್ಯೂಕ್ಲಿಯೋಫೈಲ್ (ಇಲ್ಲಿ ಇಮಿಡಜೋಲ್) 3ನೇ ಜಾಗಕ್ಕೆ ಬಂದು, ಆ ಗ್ಲೂಕೋಸ್ ಆಲ್ಟ್ರೋಸ್ ಎಂಬ ಬೇರೆ ಸಕ್ಕರೆ ಆಗುತ್ತದೆ. ಕುಳಿಯ ಆಕಾರವೇ ಸೊಟ್ಟಗಾಗುತ್ತದೆ. ಈ ಸೆಮಿಸ್ಟರ್‌ಗೆ 6ನೇ ಜಾಗವೇ ಇರಲಿ, ಫಲಿತಾಂಶ ಸಪ್ಪೆ ಬಂದರೆ ಕಾರಣ ಮೇಲೆ ಸಿಕ್ಕಿದೆ.

ಪೊನ್ನಂಪೇಟೆ ಕೇಜ್

ಸೈಕ್ಲೋಡೆಕ್ಸ್‌ಟ್ರಿನ್ ಆಚೆಗೂ ನೋಡಿ, ಕನಿಷ್ಠ ಪ್ರಸ್ತಾವನೆಗೆ. ಉತ್ಪನ್ನ ಹೊರಗೆ ಹೋಗುವುದೇ ಈ ಕ್ಷೇತ್ರದ ದೊಡ್ಡ ತಲೆನೋವು. ಜೂಲಿಯಸ್ ರೆಬೆಕ್ ಅವರ ಹೈಡ್ರೋಜನ್ ಬಂಧದ ಕ್ಯಾಪ್ಸೂಲ್ 1997ರಲ್ಲಿ ಡೀಲ್ಸ್-ಆಲ್ಡರ್ ಕ್ರಿಯೆಯನ್ನು (ಎರಡು ಅಣು ಸೇರಿ ಉಂಗುರವಾಗುವುದು) 200 ಪಟ್ಟು ವೇಗ ಮಾಡಿತು, ಆದರೆ ಉತ್ಪನ್ನ ಒಳಗೇ ಸಿಕ್ಕಿಕೊಂಡು ಚಕ್ರ ನಿಂತಿತು. ಎರಡು ಅಣು ಸೇರಿ ಒಂದಾಗುವ ಕ್ರಿಯೆಯಲ್ಲಿ ಉತ್ಪನ್ನವೇ ಎಲ್ಲರಿಗಿಂತ ಒಳ್ಳೆಯ ಅತಿಥಿ, ತಪ್ಪಿಸಲಾಗದು.

ಇದನ್ನು ದಾಟಿದ ಮೂರು ದಾರಿ. ಬರ್ಕ್‌ಲಿಯ ರೇಮಂಡ್, ಬರ್ಗ್‌ಮನ್ ಗುಂಪಿನ ನಾಲ್ಕು ಗ್ಯಾಲಿಯಂ, ಆರು ಲಿಗ್ಯಾಂಡ್‌ಗಳ, ಮೈನಸ್ 12 ಆವೇಶದ ಪಂಜರ 2010ರಲ್ಲಿ ನಜರೋವ್ ಸೈಕ್ಲೀಕರಣವನ್ನು (ಸರಪಳಿಯಂಥ ಅಣು ಉಂಗುರವಾಗುವ ಕ್ರಿಯೆ) 21 ಲಕ್ಷ ಪಟ್ಟು ವೇಗಗೊಳಿಸಿತು. ಉತ್ಪನ್ನದ ಡೈಈನ್ ಪಂಜರವನ್ನು ಅಡ್ಡಗಟ್ಟುತ್ತಿತ್ತು, ಮೆಲೀಮೈಡ್ ಹಾಕಿ ಅದನ್ನು ಹೊರಗೆ ಬೇರೆ ಅಣುವಾಗಿ ಬದಲಿಸಿದರು. ಮಕೊಟೊ ಫುಜಿಟ ಅವರ ಪಲ್ಲಾಡಿಯಂ ಬಟ್ಟಲಿನಲ್ಲಿ (2006) ಚಪ್ಪಟೆ ಆಂಥ್ರಸೀನ್ ಒಳಗೆ ಹೋಗುತ್ತದೆ, ಡೀಲ್ಸ್-ಆಲ್ಡರ್‌ನ ಬಾಗಿದ ಉತ್ಪನ್ನಕ್ಕೆ ಗೋಡೆಯ ಹಿಡಿತ ತಪ್ಪಿ ಹೊರಬೀಳುತ್ತದೆ. ಮೈಕೆಲ್ ವಾರ್ಡ್ ಗುಂಪಿನ ಎಂಟು ಕೋಬಾಲ್ಟ್‌ಗಳ ಘನಾಕಾರದ ಪಂಜರ (2016) ಬೆಂಜೈಸಾಕ್ಸಜೋಲ್‌ನ ಕೆಂಪ್ ಎಲಿಮಿನೇಷನ್‌ನಲ್ಲಿ (ಬೇಸ್ ಪ್ರೋಟಾನ್ ಕಿತ್ತು ಉಂಗುರ ಬಿಚ್ಚುವ ಕ್ರಿಯೆ) 2 ಲಕ್ಷ ಪಟ್ಟು ಕೊಟ್ಟಿತು. ಪ್ಲಸ್ 16 ಆವೇಶ ಹೈಡ್ರಾಕ್ಸೈಡನ್ನು ಸುತ್ತ ಗುಡ್ಡೆ ಹಾಕುತ್ತದೆ, ಉತ್ಪನ್ನ ಆವೇಶ ಹೊತ್ತ ಫಿನೋಲೇಟ್ ಆದ್ದರಿಂದ ನೀರಿಗೆ ಇಳಿದು ಹೋಗುತ್ತದೆ. ನನ್ನ ಲೆಕ್ಕದಲ್ಲಿ ಮೂರರಲ್ಲಿ ಕೊನೆಯದೇ ಅತ್ಯಂತ ಜಾಣ ವಿನ್ಯಾಸ, ಹೊರಗಿನ ಉಪಾಯ ಏನೂ ಬೇಕಾಗಲಿಲ್ಲ.

ಕುಶಾಲನಗರ ಎಂಎಸ್ಸಿ

ಎಲ್ಲರಿಗೂ ವಂದನೆ. ಹಾಗಾದರೆ ಚಕ್ರ ತಿರುಗುತ್ತಿದೆ, ಅಂದರೆ ಒಂದೇ ಅಣು ಮತ್ತೆ ಮತ್ತೆ ದುಡಿಯುತ್ತಿದೆ ಅಂತ ತೋರಿಸುವುದು ಹೇಗೆ? ಆತಿಥೇಯ 0.1, ಎಸ್ಟರ್ 1 ಮಿಲಿಮೋಲಾರ್ ಇಟ್ಟರೆ ಹೀರಿಕೆ 16ಕ್ಕೆ ಹೋಗುತ್ತದೆ, ಯಂತ್ರ ಓದುವುದಿಲ್ಲ.

ಸೋಮವಾರಪೇಟೆ ಕೈನೆಟಿಕ್ಸ್

ಒಂದೇ ಸಲ ಸುರಿಯಬೇಡಿ. ಅದೇ ಕ್ಯುವೆಟ್‌ಗೆ 0.1 ಮಿಲಿಮೋಲಾರ್ ಕಂತುಗಳಲ್ಲಿ ಹಾಕಿ, ಪ್ರತಿ ಕಂತಿನ ಆರಂಭಿಕ ವೇಗ ಬರೆದಿಡಿ. ಎಸ್ಟರ್ ಅಸಿಟೊನೈಟ್ರೈಲ್‌ನಲ್ಲಿ 10 ಮಿಲಿಮೋಲಾರ್, 2 ಮಿಲಿ ಬಫರ್‌ಗೆ ಸಲಕ್ಕೆ 20 ಮೈಕ್ರೋಲೀಟರ್. ಹೀರಿಕೆ 2 ದಾಟಿದ ಮೇಲೆ 1 ಮಿಲಿಮೀಟರ್ ಕ್ಯುವೆಟ್‌ಗೆ ಬದಲಿಸಿ. ಮೊದಲ ಕಂತು ವೇಗವಾಗಿ, ಎರಡನೆಯದು ಹಿನ್ನೆಲೆಯ ಮಟ್ಟಕ್ಕೆ ಬಿದ್ದರೆ ಅಸೈಲ್ ಕಚ್ಚಿಕೊಂಡಿದೆ ಅಂತ. ಮೆಲ್ಲಗೆ ಕುಗ್ಗುತ್ತಾ ಹೋದರೆ ಉತ್ಪನ್ನದ ತಡೆ: ಖಾತ್ರಿಗೆ ಮೊದಲೇ ಅಷ್ಟು ನೈಟ್ರೋಫಿನಾಲ್ ಹಾಕಿ ಹೊಸದಾಗಿ ಓಡಿಸಿ. ಅಸಿಟೊನೈಟ್ರೈಲ್ ಕಂತಿಗೆ ನೂರಕ್ಕೆ ಒಂದರಂತೆ ಏರುತ್ತದೆ, ಹೋಲಿಕೆ ಕ್ಯುವೆಟ್‌ಗೂ ಅಷ್ಟೇ ಹಾಕಿ.

ಮಡಿಕೇರಿ ಮೇಷ್ಟ್ರು

ಸಿಂಥೆಸಿಸ್‌ಗೆ ಕೈಹಾಕುವ ಮೊದಲು ಒಂದು ಕೆಲಸ ಮಾಡಿ. ಸಾದಾ ಆಲ್ಫಾ, ಬೀಟಾ ಎರಡನ್ನೂ ಮೆಟಾ ಮತ್ತು ಪ್ಯಾರಾ ನೈಟ್ರೋಫಿನೈಲ್ ಅಸಿಟೇಟ್ ಎರಡರ ಜೊತೆ ಓಡಿಸಿ. ವೇಗ ಎಷ್ಟು ಪಟ್ಟು ಏರಿತು ಎಂಬ ಬೆಂಡರ್ ಗುಂಪಿನ ಅಂಕಿಗಳು: ಪ್ಯಾರಾಗೆ ಆಲ್ಫಾ 3.4, ಬೀಟಾ 9.1. ಮೆಟಾಗೆ ಆಲ್ಫಾ 300, ಬೀಟಾ 96. ಈ ನಾಲ್ಕು ನಿಮ್ಮ ಕೈಯಲ್ಲಿ ಹತ್ತಿರ ಬಂದರೆ ನಿಮ್ಮ ಅಳತೆಯನ್ನು ನಂಬಬಹುದು.

ಪಿಹೆಚ್ 10.6ರಲ್ಲಿ ಮೆಟಾ ಕೈಗೆ ಸಿಗದಷ್ಟು ವೇಗ. 9.5ಕ್ಕೆ ಇಳಿಸಿ. ಹೈಡ್ರಾಕ್ಸೈಡ್ ಮತ್ತು ಸೈಕ್ಲೋಡೆಕ್ಸ್‌ಟ್ರಿನ್‌ನ ಅಯಾನು (ಪಿಕೆಎ 12ರ ಹತ್ತಿರ) ಎರಡೂ ಒಂದೇ ಪ್ರಮಾಣದಲ್ಲಿ ಇಳಿಯುವುದರಿಂದ ಅನುಪಾತ ಹೆಚ್ಚುಕಡಿಮೆ ಅದೇ ಉಳಿಯುತ್ತದೆ. ಆತಿಥೇಯ 2ರಿಂದ 10 ಮಿಲಿಮೋಲಾರ್. ಬೀಟಾ ಲೀಟರಿಗೆ 18.5 ಗ್ರಾಂ ಮಾತ್ರ ಕರಗುವುದರಿಂದ 16 ಮಿಲಿಮೋಲಾರ್ ಮೇಲೆ ಹೋಗಲಾಗದು.

ಮೆಟಾ-ನೈಟ್ರೋಫಿನೈಲ್ ಅಸಿಟೇಟ್ ಕೊಳ್ಳುವುದು ದಂಡ, ಮಾಡಿಕೊಳ್ಳಿ. ಮೆಟಾ-ನೈಟ್ರೋಫಿನಾಲ್ 1.39 ಗ್ರಾಂ ಅನ್ನು ಸಮ ಪ್ರಮಾಣದ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಕರಗಿಸಿ, ಪುಡಿ ಐಸ್ ಹಾಕಿ, ಅಸಿಟಿಕ್ ಆನ್‌ಹೈಡ್ರೈಡ್ 1.1 ಮಿಲಿ ಸುರಿದು ಜೋರಾಗಿ ಕುಲುಕಿ. ಕೆಲವೇ ನಿಮಿಷದಲ್ಲಿ ಎಸ್ಟರ್ ಗಟ್ಟಿಯಾಗಿ ಬೇರೆಯಾಗುತ್ತದೆ. ಕರಗುವ ಬಿಂದು 55 ಡಿಗ್ರಿ ಹತ್ತಿರ. ಮೆಟಾ ಫಿನೋಲೇಟ್‌ನ ಬಣ್ಣ ತೆಳು, 390ರ ಸುತ್ತ ಗುಣಾಂಕ ಸುಮಾರು 1,500. ಆದ್ದರಿಂದ ಎಸ್ಟರ್ 0.5 ಮಿಲಿಮೋಲಾರ್ ಇಡಿ. ಹರಳಿನಲ್ಲಿ ಬಿಡಿ ನೈಟ್ರೋಫಿನಾಲ್ ಉಳಿದಿದ್ದರೆ ಸೊನ್ನೆ ಕ್ಷಣದಲ್ಲೇ ಹಳದಿ ಕಾಣುತ್ತದೆ, ಎಥನಾಲ್-ನೀರಿನಿಂದ ಇನ್ನೊಮ್ಮೆ ಸ್ಫಟಿಕ ಮಾಡಿ. ಸ್ಟಾಕ್ ದ್ರಾವಣವನ್ನು ದಿನವೂ ಹೊಸದಾಗಿ ಕರಗಿಸಿ, ಹಿಂದಿನ ವಾರದ್ದು ಬೇಡ.